ಬಸ್ಸು ಕೊಟ್ಟರು, ಡೀಸೆಲ್ ಯಾರು ಕೊಡ್ತಾರೆ?

ಮಾರ್ಚ್ ಬಂತೆಂದರೆ ನನ್ನ ಆಫೀಸಿಗೆ ಎರಡು ಬಗೆಯ ಫೋನ್ ಬರುತ್ತವೆ. ಕಂಪನಿಯವರದ್ದು: "31ರೊಳಗೆ ಸಿಎಸ್‌ಆರ್ ದುಡ್ಡು ಖರ್ಚಾಗಬೇಕು ಸರ್, ಒಳ್ಳೆಯ ಟ್ರಸ್ಟ್ ಇದ್ದರೆ ಹೇಳಿ." (ಸಿಎಸ್‌ಆರ್ ಎಂದರೆ ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ಹೊಣೆ.) ಟ್ರಸ್ಟಿನವರದ್ದು: "ಈ ತಿಂಗಳ ಸಂಬಳಕ್ಕೆ ಹಣ ಸಾಲುವುದಿಲ್ಲ, ಏನಾದರೂ ದಾರಿ ಉಂಟಾ?" ಎರಡೂ ಕಡೆಯವರು ಮಂಗಳೂರು-ಉಡುಪಿಯವರೇ. ಆದರೂ ಆ ಹಣ ಈ ಸಂಬಳಕ್ಕೆ ಸೇರುವುದು ಅಪರೂಪ.

ನಾನು ಇಲ್ಲಿ ಲೆಕ್ಕ ಪರಿಶೋಧಕ. ಸಣ್ಣ ಟ್ರಸ್ಟುಗಳ ಆಡಿಟ್ ಮಾಡುತ್ತೇನೆ, ಕೆಲವು ಕಂಪನಿಗಳಿಗೆ ಸಿಎಸ್‌ಆರ್ ವಿಷಯದಲ್ಲಿ ಸಲಹೆಯನ್ನೂ ಕೊಡುತ್ತೇನೆ. ಎರಡೂ ಕಡೆಯ ಪುಸ್ತಕ ನೋಡುವವನಿಗೆ ಒಂದು ವಿಷಯ ಸ್ಪಷ್ಟವಾಗಿ ಕಾಣುತ್ತದೆ. ನಮ್ಮಲ್ಲಿ ವಸ್ತು ಕೊಡುವವರು ಜಾಸ್ತಿ. ಸಂಸ್ಥೆ ನಡೆಯಲು ಕೊಡುವವರು ತುಂಬಾ ಕಡಿಮೆ.

ವಿಶೇಷ ಮಕ್ಕಳ ಒಂದು ಡೇ ಕೇರ್ ಕೇಂದ್ರದ ಲೆಕ್ಕವನ್ನೇ ನೋಡಿ. ಅವರಿಗೆ ಒಂದು ಕಂಪನಿ ಬಸ್ಸು ಕೊಟ್ಟಿತು. ಹೊಸ ಬಸ್ಸು, ಮೇಲೆ ದೊಡ್ಡದಾಗಿ ಕಂಪನಿಯ ಹೆಸರು. ಆದರೆ ಡೀಸೆಲ್, ಇನ್ಶೂರೆನ್ಸ್, ಡ್ರೈವರ್ ಸಂಬಳ, ಮಕ್ಕಳನ್ನು ಹತ್ತಿಸಿ ಇಳಿಸುವ ಆಯಾ, ಇವೆಲ್ಲ ಟ್ರಸ್ಟಿನ ತಲೆಗೇ ಬಂತು. ಈ ಖರ್ಚು ಪ್ರತಿ ತಿಂಗಳೂ ಇರುವಂಥದ್ದು. ಕೊನೆಗೆ ಆ ಬಸ್ಸು ವಾರದಲ್ಲಿ ಮೂರು ದಿನ ಮಾತ್ರ ಓಡತೊಡಗಿತು. ಕೊಟ್ಟವರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಬಸ್ಸು ಬಂದ ಮೇಲೆ ಅದು ಹೇಗೆ ಓಡುತ್ತದೆ ಎಂದು ಯಾರೂ ಕೇಳಲಿಲ್ಲ, ಅಷ್ಟೇ.

ಹಾಗಾದರೆ ಸಂಬಳಕ್ಕೇ ಕೊಡಬಹುದಲ್ವಾ? ಹೀಗೆ ಕೇಳಿದರೆ ಹೆಚ್ಚಿನ ಕಂಪನಿಗಳಲ್ಲಿ ಒಂದೇ ಉತ್ತರ: "ಆಡಳಿತ ವೆಚ್ಚಕ್ಕೆ 5 ಶೇಕಡಾ ಮಿತಿ ಇದೆ, ಸಂಬಳ ಅದರಲ್ಲಿ ಬರುತ್ತದೆ." ಇದು ತಪ್ಪು ತಿಳಿವಳಿಕೆ. ಆ 5 ಶೇಕಡಾ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಯೋಜನೆಯಲ್ಲೇ ಕೆಲಸ ಮಾಡುವವರ ಸಂಬಳ ಯೋಜನೆಯ ವೆಚ್ಚವೇ. 2021ರ ಆಗಸ್ಟಿನಲ್ಲಿ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಕೊಟ್ಟ ವಿವರಣೆಯಲ್ಲಿ ಇದಕ್ಕೆ ಉದಾಹರಣೆಯೂ ಇದೆ: ಶಿಕ್ಷಣ ಯೋಜನೆಯಲ್ಲಿ ಶಿಕ್ಷಕರಿಗೆ, ಸಿಬ್ಬಂದಿಗೆ ಕೊಡುವ ಸಂಬಳ ಆ ಯೋಜನೆಯ ಖರ್ಚಿಗೆ ಸೇರುತ್ತದೆ. ಡೇ ಕೇರ್‌ನ ಥೆರಪಿಸ್ಟಿಗೂ ಆಯಾಗೂ ಇದೇ ತರ್ಕ ಸಲ್ಲುತ್ತದೆ. ಟ್ರಸ್ಟಿನವರು ಈ ಮಾತನ್ನು ಧೈರ್ಯವಾಗಿ ಹೇಳಬೇಕು.

ಕಾನೂನು ಏನು ಹೇಳುತ್ತದೆ ಎಂದು ಚಿಕ್ಕದಾಗಿ ಹೇಳಿಬಿಡುತ್ತೇನೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿವ್ವಳ ಆಸ್ತಿ 500 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಲಾಭ 5 ಕೋಟಿ. ಹಿಂದಿನ ವರ್ಷ ಇವುಗಳಲ್ಲಿ ಒಂದನ್ನು ಮುಟ್ಟಿದ್ದರೂ ಸಾಕು, ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ 2 ಶೇಕಡಾ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಪಾಲುದಾರಿಕೆ ಸಂಸ್ಥೆಗಳಿಗೆ ಈ ಸೆಕ್ಷನ್ ಅನ್ವಯಿಸುವುದಿಲ್ಲ. ಪಾಲುದಾರಿಕೆಯಲ್ಲಿ ನಡೆಯುವ ಗೇರುಬೀಜದ ಕಾರ್ಖಾನೆಯವರು, ಹೋಟೆಲಿನವರು ಕೊಡುವುದು ಕಾನೂನಿಗೆ ಹೆದರಿ ಅಲ್ಲ. ಸರಕಾರಿ ಶಾಲೆಯ ಶತಮಾನೋತ್ಸವಕ್ಕೆ ರಸೀದಿ ಪುಸ್ತಕ ಹಿಡಿದು ಹೋದವರಿಗೆಲ್ಲ ಇದು ಗೊತ್ತು.

ಇನ್ನು ಮಾರ್ಚ್ 31ರ ಗಡಿಬಿಡಿ. ಇದಕ್ಕೆ ಕಾನೂನಿನಲ್ಲೇ ದಾರಿ ಇದೆ. ಕೆಲಸವನ್ನು ಮೊದಲೇ 'ಮುಂದುವರಿಯುವ ಯೋಜನೆ' ಎಂದು ಆಡಳಿತ ಮಂಡಳಿ ಒಪ್ಪಿದರೆ, ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ಅದನ್ನು ನಡೆಸಬಹುದು. ಆ ವರ್ಷ ಉಳಿದ ಹಣವನ್ನು ಏಪ್ರಿಲ್ 30ರೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿಟ್ಟರೆ ಆಯಿತು. ಅಂದರೆ ಒಬ್ಬ ಥೆರಪಿಸ್ಟಿಗೆ ಮೂರು ವರ್ಷ ಕೆಲಸದ ಭರವಸೆ ಕೊಡಬಹುದು. ಕೊಕ್ಕಡದಂಥ, ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತವಾದ ಊರುಗಳ ಮನೆಗಳಲ್ಲಿ ಇಂಥ ಭರವಸೆಗೆ ಎಷ್ಟು ಬೆಲೆ ಎಂದು ಹೋಗಿ ನೋಡಿದವರಿಗೇ ಗೊತ್ತು. ಅಲ್ಲಿನ ಮಕ್ಕಳಿಗೆ ಆರೈಕೆ ದಿನಾ ಬೇಕು, ವರ್ಷಾನುಗಟ್ಟಲೆ ಬೇಕು. ಸಿಬ್ಬಂದಿ ಬದಲಾದಾಗಲೆಲ್ಲ ಮಗು ಮೊದಲಿನಿಂದ ಹೊಂದಿಕೊಳ್ಳಬೇಕು.

ಕರಾವಳಿಯಲ್ಲಿ ಕಷ್ಟ ಬರುವ ತಿಂಗಳೂ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆಯ ಬಂದರಿನಲ್ಲಿ, ಮಂಗಳೂರಿನ ಧಕ್ಕೆಯಲ್ಲಿ ದಿನಗೂಲಿಗೆ ದುಡಿಯುವವರ ಮನೆಯಲ್ಲಿ ಕೈ ಖಾಲಿಯಾಗುವುದು ಆಗಲೇ. ಶಾಲೆ ಶುರುವಾಗುವುದೂ ಆಗಲೇ. ಮಾರ್ಚಿನಲ್ಲಿ ಅವಸರದಲ್ಲಿ ಹಂಚಿದ ಚೀಲ, ಪುಸ್ತಕಕ್ಕಿಂತ ಮೇ ಕೊನೆಯಲ್ಲಿ ಕಟ್ಟಿದ ಫೀಸು ಆ ಮನೆಗಳಿಗೆ ಎಷ್ಟೋ ಹೆಚ್ಚು ಉಪಕಾರ.

ಇನ್ನೊಂದು ವಿಷಯ ನನಗೆ ಬಹಳ ನೋವು ಕೊಡುತ್ತದೆ. ಇದು ಬ್ಯಾಂಕುಗಳ ಜಿಲ್ಲೆ. ಕೆನರಾ ಬ್ಯಾಂಕ್ 1906ರಲ್ಲಿ ಮಂಗಳೂರಿನಲ್ಲಿ, ಕಾರ್ಪೊರೇಶನ್ ಬ್ಯಾಂಕ್ ಅದೇ ವರ್ಷ ಉಡುಪಿಯಲ್ಲಿ ಶುರುವಾದವು. ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ ಬಂದವು. ಕೆನರಾ ಬ್ಯಾಂಕ್ ಕಟ್ಟಿದ ಅಮ್ಮೆಂಬಳ ಸುಬ್ಬರಾವ್ ಪೈಯವರು ಅದಕ್ಕೂ ಮೊದಲು, 1891ರಲ್ಲಿ, ಕೆನರಾ ಹೈಸ್ಕೂಲ್ ಕಟ್ಟಿದ್ದರು. ಊರಿನ ಶಾಲೆ, ಊರಿನ ಬ್ಯಾಂಕು ಅವರಿಗೆ ಬೇರೆ ಬೇರೆ ಆಗಿರಲಿಲ್ಲ. 2019ರಲ್ಲಿ ವಿಜಯಾ, 2020ರಲ್ಲಿ ಕಾರ್ಪೊರೇಶನ್ ಮತ್ತು ಸಿಂಡಿಕೇಟ್ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಪಾಂಡೇಶ್ವರದ, ಮಣಿಪಾಲದ ಮುಖ್ಯ ಕಚೇರಿಗೆ ನಡೆದುಹೋಗಿ ಅರ್ಜಿ ಕೊಡುವ ಕಾಲ ಮುಗಿಯಿತು. ಈಗ ತೀರ್ಮಾನವಾಗುವುದು ನಮ್ಮ ಊರನ್ನು ನೋಡದವರ ಮೇಜಿನಲ್ಲಿ. ಕಂಪನಿ ಕಾಯ್ದೆಯಲ್ಲೇನೋ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಎಂದಿದೆ. ಆದರೆ ಅದು ಕಡ್ಡಾಯವಲ್ಲ ಎಂದು ಸಚಿವಾಲಯವೇ ಹೇಳಿದೆ.

ಅದಕ್ಕೇ ನಾನು ಇತ್ತೀಚೆಗೆ ಕಂಪನಿಗಿಂತ ಉದ್ಯೋಗಿಗಳ ಬಗ್ಗೆ ಜಾಸ್ತಿ ಮಾತಾಡುತ್ತೇನೆ. ಮುಡಿಪುವಿನ, ಕೊಟ್ಟಾರದ ಐಟಿ ಆಫೀಸುಗಳಲ್ಲಿ, ಬೈಕಂಪಾಡಿಯ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ಇಲ್ಲೇ ಇರುತ್ತಾರೆ. ಯಾವ ಸಂಸ್ಥೆ ನಿಜವಾಗಿ ಕೆಲಸ ಮಾಡುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ. ಅವರಲ್ಲಿ ಇನ್ನೂರು ಮಂದಿ ತಿಂಗಳಿಗೆ 200 ರೂಪಾಯಿ ಸಂಬಳದಿಂದ ಕಡಿತಕ್ಕೆ ಒಪ್ಪಿದರೆ ತಿಂಗಳಿಗೆ 40,000 ಆಯಿತು. ಒಬ್ಬ ಡ್ರೈವರ್, ಒಬ್ಬ ಆಯಾ, ಡೀಸೆಲಿಗೆ ಒಂದಿಷ್ಟು. ಬಸ್ಸು ವಾರಪೂರ್ತಿ ಓಡುತ್ತದೆ! ಸಣ್ಣ ಹಣದ ಬಲ ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಪಿಗ್ಮಿ ಎಂಬ ಸಣ್ಣ ಠೇವಣಿ ಸಂಗ್ರಹಿಸಲು ಶುರು ಮಾಡಿದ್ದು ಇದೇ ನೆಲದಲ್ಲಿ. ಸಂಬಳದ ದಾನವೂ ಪಿಗ್ಮಿಯ ಹಾಗೆಯೇ. ಮೊತ್ತ ಚಿಕ್ಕದು, ತಪ್ಪದೇ ಬರುತ್ತದೆ.

ಇದಕ್ಕೆ ಉದ್ಯೋಗಿಯ ಲಿಖಿತ ಒಪ್ಪಿಗೆ ಬೇಕು. ಬೇಡ ಅನಿಸಿದಾಗ ನಿಲ್ಲಿಸುವ ಅವಕಾಶವೂ ಇರಬೇಕು. ಮ್ಯಾನೇಜರ್ ಪಟ್ಟಿ ಹಿಡಿದು ಮೇಜಿನಿಂದ ಮೇಜಿಗೆ ಹೋಗುವುದು ಖಂಡಿತ ಕೂಡದು. ರಸೀದಿ ಹಣ ಕೊಟ್ಟ ಉದ್ಯೋಗಿಯ ಹೆಸರಲ್ಲೇ ಬರಲಿ, ಕಂಪನಿಯ ಹೆಸರಲ್ಲಿ ಅಲ್ಲ. ದಾನಕ್ಕೆ ಸಿಗುವ, 80ಜಿ ಎಂದೇ ಕರೆಯುವ ಆದಾಯ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಸಿಗುತ್ತದೆ. ಹೊಸ ಪದ್ಧತಿ ಆಯ್ದುಕೊಂಡವರಿಗೆ ಇದನ್ನು ಮೊದಲೇ ಹೇಳಿಬಿಡಿ. ಹೇಳಿದ ಮೇಲೂ ಕೊಡುವವರು ಕೊಡುತ್ತಾರೆ. ಮತ್ತೊಂದು ಮಾತು: ಉದ್ಯೋಗಿಗಳ ಹಣವನ್ನಾಗಲಿ ಅವರು ಕೊಟ್ಟ ಸಮಯವನ್ನಾಗಲಿ ಕಂಪನಿ ತನ್ನ 2 ಶೇಕಡಾ ಲೆಕ್ಕಕ್ಕೆ ಸೇರಿಸುವಂತಿಲ್ಲ. ಅಷ್ಟೇ ಮೊತ್ತವನ್ನು ಕಂಪನಿ ತನ್ನ ಕಡೆಯಿಂದಲೂ ಸೇರಿಸಿದರೆ ಅದು ಬೇರೆ. ಆದರೆ ಆ ಹಣ ವಿದೇಶದ ಮಾತೃ ಕಂಪನಿಯಿಂದ ನೇರವಾಗಿ ಬರುವುದಾದರೆ ಟ್ರಸ್ಟಿಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಬೇಕು. ಅದಿಲ್ಲದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ.

ಸ್ವಯಂಸೇವೆಯ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಟೀಶರ್ಟ್ ಹಾಕಿ ಬಂದು, ಮಕ್ಕಳ ಜೊತೆ ಫೋಟೊ ತೆಗೆದು, ಬಿಸ್ಕಿಟ್ ಹಂಚಿ ಹೋಗುವುದು ಬೇಡ. ಆ ಮಕ್ಕಳಿಗೂ ಮಾನ ಇದೆ.

ಅದರ ಬದಲು ನಿಮ್ಮ ಕೆಲಸ ಕೊಡಿ. ಅಕೌಂಟ್ಸ್ ವಿಭಾಗದ ಒಬ್ಬರು ತಿಂಗಳಿಗೆ ಎರಡು ಶನಿವಾರ ಕೂತು ಟ್ಯಾಲಿಯಲ್ಲಿ ಲೆಕ್ಕ ಬರೆದುಕೊಟ್ಟರೆ ಟ್ರಸ್ಟಿಗೆ ಅದೇ ದೊಡ್ಡ ದಾನ. ಯಾಕೆಂದರೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್ ಹಣ ಪಡೆಯುವ ಟ್ರಸ್ಟು ಸಚಿವಾಲಯದಲ್ಲಿ ಸಿಎಸ್‌ಆರ್-1 ಎಂಬ ನಮೂನೆ ತುಂಬಿ ನೋಂದಣಿ ಮಾಡಿಸಿರಬೇಕು. ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡುವ 12ಎ, ದಾನಿಗಳಿಗೆ ಕೊಡುವ 80ಜಿ ನೋಂದಣಿ ಬೇಕು. ಮೂರು ವರ್ಷ ಕೆಲಸ ಮಾಡಿದ ದಾಖಲೆಯೂ ಬೇಕು. ದಾನಿಗಳ ಪಟ್ಟಿಯನ್ನು ಪ್ರತಿ ವರ್ಷ ಮೇ 31ರೊಳಗೆ ತೆರಿಗೆ ಇಲಾಖೆಗೆ ಸಲ್ಲಿಸಬೇಕು. ಮೂವತ್ತು ಮಕ್ಕಳನ್ನು ನೋಡಿಕೊಳ್ಳುವ ಅಕ್ಕನಿಗೆ ಈ ತಾರೀಕುಗಳೆಲ್ಲ ನೆನಪಿರುವುದು ಸಾಧ್ಯವಾ? ನವೀಕರಣ ತಪ್ಪಿದ್ದಕ್ಕೇ ಬಂದ ಹಣ ವಾಪಸ್ ಹೋದದ್ದನ್ನು ನಾನು ನೋಡಿದ್ದೇನೆ.

ಟ್ರಸ್ಟಿನವರಿಗೆ ಕೊನೆಯದಾಗಿ ಇಷ್ಟು. ಅರ್ಜಿಯನ್ನು ಫೆಬ್ರವರಿಗೆ ಇಟ್ಟುಕೊಳ್ಳಬೇಡಿ. ಕಂಪನಿಗಳು ವರ್ಷದ ಸಿಎಸ್‌ಆರ್ ಕ್ರಿಯಾ ಯೋಜನೆ ಸಿದ್ಧ ಮಾಡುವ ಹೊತ್ತಿಗೆ, ಏಪ್ರಿಲ್-ಮೇಯಲ್ಲೇ ಕೊಡಿ. ಎರಡು ಪುಟ ಸಾಕು. ಮೊದಲ ಪುಟದಲ್ಲಿ ಎಷ್ಟು ಮಂದಿಗೆ ಏನು ಕೆಲಸ ಮಾಡುತ್ತೀರಿ ಎಂದು ಬರೆಯಿರಿ. ಎರಡನೆಯದರಲ್ಲಿ ತಿಂಗಳ ಖರ್ಚು ಬರೆಯಿರಿ. ಅದರಲ್ಲಿ ಸಂಬಳವನ್ನು ಎಲ್ಲಕ್ಕಿಂತ ಮೇಲೆ ಹಾಕಿ. ವಾಹನ ಕೊಡುತ್ತೇವೆ ಎಂದು ಯಾರಾದರೂ ಮುಂದೆ ಬಂದರೆ, ಆರ್‌ಸಿ ಟ್ರಸ್ಟಿನ ಹೆಸರಲ್ಲೇ ಆಗಲಿ ಎನ್ನಿ, ಜೊತೆಗೆ ಮೂರು ವರ್ಷದ ಡೀಸೆಲ್, ಡ್ರೈವರ್ ಖರ್ಚನ್ನೂ ಅದೇ ಒಪ್ಪಂದದಲ್ಲಿ ಕೇಳಿ.