‘ರೆಫರೆನ್ಸ್’ ಎಂದು ಬರೆದ ಮಾತ್ರಕ್ಕೆ ನಕಲು ರೆಫರೆನ್ಸ್ ಆಗುವುದಿಲ್ಲ

ಯಾರದೋ ಫೋಟೊ ಕೆಳಗಿಟ್ಟು ಗೆರೆಗೆ ಗೆರೆ ತೀಡಿ, ಬಣ್ಣ ತುಂಬಿ, ‘ರೆಫರೆನ್ಸ್: ಪಿಂಟರೆಸ್ಟ್’ ಎಂದು ಜಾಲತಾಣದ ಹೆಸರು ಬರೆಯುವುದು ಈಗ ರೂಢಿಯಾಗಿಬಿಟ್ಟಿದೆ. ಅದು ಟ್ರೇಸಿಂಗ್. ಕಲಿಯುವಾಗ ಟ್ರೇಸ್ ಮಾಡುವುದು ತಪ್ಪಲ್ಲ, ಅದನ್ನು ರೆಫರೆನ್ಸ್ ಎಂದು ಕರೆಯುವುದು ತಪ್ಪು.

ರೆಫರೆನ್ಸ್ ಎಂದರೆ ವಿಷಯ ತಿಳಿಯಲು ನೋಡುವ ಆಕರ. ಬೇಲೂರಿನ ಶಿಲಾಬಾಲಿಕೆ ಯಾವ ಕಾಲಿನ ಮೇಲೆ ಭಾರ ಹಾಕಿದ್ದಾಳೆ, ಸೊಂಟ ಎತ್ತ ವಾಲಿದೆ ಎಂಬ ವಿವರ ಯಾರ ಸ್ವತ್ತೂ ಅಲ್ಲ. ಆದರೆ ಫೋಟೊದಲ್ಲಿರುವ ಕೋನ, ಬೆಳಕು, ಚೌಕಟ್ಟು ಛಾಯಾಗ್ರಾಹಕರ ಆಯ್ಕೆ. ಮೊದಲನೆಯದನ್ನು ತೆಗೆದುಕೊಂಡರೆ ರೆಫರೆನ್ಸ್, ಎರಡನೆಯದನ್ನೂ ಇಡಿಯಾಗಿ ಎತ್ತಿಕೊಂಡರೆ ನಕಲು.

‘ವಾರ್‌ಹೋಲ್ ಮಾಡಲಿಲ್ಲವೇ?’ ಎಂದು ಅಮೆರಿಕದ ಚಿತ್ರಕಾರ ಆ್ಯಂಡಿ ವಾರ್‌ಹೋಲ್ ಅವರನ್ನು ತೋರಿಸಿ ಕೇಳುವವರು ಆ ಕಥೆಯನ್ನು ಪೂರ್ತಿ ಓದಬೇಕು. ಗಾಯಕ ಪ್ರಿನ್ಸ್‌ನ ಫೋಟೊವನ್ನು ಛಾಯಾಗ್ರಾಹಕಿ ಲಿನ್ ಗೋಲ್ಡ್‌ಸ್ಮಿತ್ ತೆಗೆದದ್ದು 1981ರಲ್ಲಿ. 1984ರಲ್ಲಿ ‘ವ್ಯಾನಿಟಿ ಫೇರ್’ ಪತ್ರಿಕೆ 400 ಡಾಲರ್ ಕೊಟ್ಟು ಅದನ್ನು ಪಡೆಯಿತು. ಪರವಾನಗಿಯಲ್ಲಿದ್ದ ಮಾತೇ ‘ಕಲಾವಿದರ ರೆಫರೆನ್ಸ್’, ಅದೂ ಒಂದೇ ಸಲದ ಬಳಕೆಗೆ. ಅಂದರೆ ವೃತ್ತಿಯಲ್ಲಿ ಆ ಪದಕ್ಕೆ ಬೆಲೆಯಿತ್ತು, ಷರತ್ತಿತ್ತು. ವಾರ್‌ಹೋಲ್ ಅದರಿಂದ 16 ಚಿತ್ರ ಮಾಡಿದರು, ಆಗ ಪತ್ರಿಕೆಯಲ್ಲಿ ಬಂದದ್ದು ಒಂದೇ. 2016ರಲ್ಲಿ ಅವುಗಳಲ್ಲಿ ಇನ್ನೊಂದು ಚಿತ್ರ ಬೇರೊಂದು ಪತ್ರಿಕೆಯ ಮುಖಪುಟಕ್ಕೆ ಬಂದಾಗ ವಾರ್‌ಹೋಲ್ ಪ್ರತಿಷ್ಠಾನಕ್ಕೆ 10,000 ಡಾಲರ್ ಸಂದಿತು, ಗೋಲ್ಡ್‌ಸ್ಮಿತ್‌ಗೆ ಏನೂ ಸಿಗಲಿಲ್ಲ. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7–2ರಿಂದ ಗೋಲ್ಡ್‌ಸ್ಮಿತ್ ಪರ ತೀರ್ಪಿತ್ತಿತು: ಮೂಲ ಫೋಟೊ, ಅದರಿಂದ ಮಾಡಿದ ಚಿತ್ರ ಎರಡರ ಬಳಕೆಯ ಉದ್ದೇಶವೂ ಒಂದೇ, ಪತ್ರಿಕೆಗೆ ಪ್ರಿನ್ಸ್‌ನ ಚಿತ್ರ ಒದಗಿಸುವುದು. ಶೈಲಿ ಬದಲಾಯಿಸಿದರೆ ಸಾಕು ಎಂಬ ವಾದ ಅಲ್ಲಿ ನಿಲ್ಲಲಿಲ್ಲ.

ಸರಿಯಾಗಿ ಬಳಸುವುದು ಕಷ್ಟವೇನಲ್ಲ. ಮೊದಲು ಫೋಟೊ ನೋಡದೆ ಬೆರಳುದ್ದದ ನಾಲ್ಕಾರು ಕರಡು ಹಾಕಿ ಸಂಯೋಜನೆ ತೀರ್ಮಾನಿಸಿ. ಆಮೇಲೆ ನಾಲ್ಕೈದು ಫೋಟೊ ಹುಡುಕಿ, ಒಂದರಿಂದ ಕೈಬೆರಳು, ಇನ್ನೊಂದರಿಂದ ಸೀರೆಯ ನೆರಿಗೆ. ಬೆಳಕಿನ ದಿಕ್ಕು ಮಾತ್ರ ನಿಮ್ಮದೇ ಇರಲಿ, ಇಲ್ಲದಿದ್ದರೆ ಮುಖದ ನೆರಳು ಎಡಕ್ಕೆ, ಕತ್ತಿನ ನೆರಳು ಬಲಕ್ಕೆ ಬೀಳುತ್ತದೆ. ಮುಗಿದ ಮೇಲೆ ಚಿತ್ರವನ್ನು ಶೇ 50 ಪಾರದರ್ಶಕ ಮಾಡಿ ಫೋಟೊದ ಮೇಲಿಡಿ. ಹೊರಗೆರೆಗಳು ಕೂಡಿಕೊಂಡರೆ ನೀವು ಮಾಡಿದ್ದು ನಕಲು.

ಕುರುಡು ನಕಲಿನಿಂದ ಕೈಗೂ ನಷ್ಟ. ಫೋನನ್ನು ಒಂದಡಿ ಹತ್ತಿರ ಹಿಡಿದು ತೆಗೆದ ಮುಖದಲ್ಲಿ ಮೂಗು ಉಬ್ಬುತ್ತದೆ, ಕಿವಿ ಕುಗ್ಗುತ್ತದೆ, ಟ್ರೇಸ್ ಮಾಡಿದವರ ಚಿತ್ರಕ್ಕೂ ಅದೇ ದೋಷ ಇಳಿಯುತ್ತದೆ. ನೀವೇ ಫೋಟೊ ತೆಗೆಯುವುದಾದರೆ ಐದಾರು ಅಡಿ ದೂರ ನಿಂತು ತೆಗೆದು, ಬಳಿಕ ಕತ್ತರಿಸಿಕೊಳ್ಳಿ.

ಮನೆಯಲ್ಲಿ ಅಭ್ಯಾಸಕ್ಕೆ ಯಾವ ಫೋಟೊ ನೋಡಿ ಬರೆದರೂ ತೊಂದರೆಯಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಖಾಸಗಿ ಬಳಕೆಗೆ ಅವಕಾಶ ಕೊಡುತ್ತದೆ. ಮಾರುವಾಗ, ಪ್ರಕಟಿಸುವಾಗ ಅನುಮತಿ ಬೇಕು. ‘ಚಿತ್ರಕೃಪೆ: ಅಂತರ್ಜಾಲ’ ಎಂಬ ಸಾಲು ಅನುಮತಿಯೂ ಅಲ್ಲ, ಕೃತಜ್ಞತೆಯೂ ಅಲ್ಲ, ಏಕೆಂದರೆ ಅಂತರ್ಜಾಲ ಫೋಟೊ ತೆಗೆಯುವುದಿಲ್ಲ. ಷರತ್ತಿನ ಮೇಲೆ ಎಲ್ಲರ ಬಳಕೆಗೆ ಬಿಟ್ಟ ಕ್ರಿಯೇಟಿವ್ ಕಾಮನ್ಸ್ ಫೋಟೊ ಆದರೆ ಪರವಾನಗಿಯ ಗುರುತು ಓದಿ: ‘ಬಿವೈ’ ಇದ್ದರೆ ಹೆಸರು ಹಾಕಬೇಕು, ‘ಎನ್‌ಸಿ’ ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ, ‘ಎನ್‌ಡಿ’ ಇದ್ದರೆ ಅದರಿಂದ ಮಾಡಿದ ರೂಪಾಂತರವನ್ನು ಹಂಚುವಂತಿಲ್ಲ.