ಹಳೇ ರೆಕಾರ್ಡಿಂಗ್ ಕೇಳುವ ಮುಂಚೆ ಅದರ ಅವಧಿ ನೋಡಿ

ಮೈಸೂರಿನ ನಮ್ಮ ಸಂಗೀತ ತರಗತಿಯಲ್ಲಿ ಈಚೆಗೆ ಎಲ್ಲರಿಗೂ ಹಳೇ ರೆಕಾರ್ಡಿಂಗ್ ಕೇಳುವ ಗೀಳು ಹತ್ತಿದೆ. ಯಾರು ಯಾವುದನ್ನು ಕಳಿಸಿದರೂ ಬರುವ ಮಾತು ಒಂದೇ: "ಹಿಂದಿನವರು ಎಷ್ಟು ಬಿರುಸಾಗಿ ಹಾಡ್ತಿದ್ರು, ಅಲ್ವಾ?" ಹಾಗೆ ತೀರ್ಮಾನ ಮಾಡುವ ಮುಂಚೆ ಒಂದು ಲೆಕ್ಕ ತಿಳಿದಿರಲಿ.

ನಿಮಿಷಕ್ಕೆ 78 ಸುತ್ತು ತಿರುಗುವ 10 ಇಂಚಿನ ಗ್ರಾಮಫೋನ್ ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು 3 ನಿಮಿಷ. 12 ಇಂಚಿನದಾದರೆ ನಾಲ್ಕು, ನಾಲ್ಕೂವರೆ. ಅಷ್ಟರೊಳಗೆ ಎಲ್ಲ ಮುಗಿಯಬೇಕು. 1902ರಲ್ಲಿ ಕಲ್ಕತ್ತೆಯಲ್ಲಿ ರೆಕಾರ್ಡ್ ಕೊಟ್ಟ ಗಾಯಕಿ ಗೌಹರ್ ಜಾನ್ ಈ ಕಲೆಯನ್ನು ಬಹಳ ಬೇಗ ಕರಗತ ಮಾಡಿಕೊಂಡರು. ಬಿಡುವಾಗಿ ಹಾಡುವ ಹಿಂದುಸ್ತಾನಿ ಖಯಾಲನ್ನು ಮೂರು ನಿಮಿಷಕ್ಕೆ ಇಳಿಸಿ, ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನೂ ಹೇಳುತ್ತಿದ್ದರು. ಅದು ಜಂಬವಲ್ಲ. ತಟ್ಟೆಗಳು ತಯಾರಾಗುತ್ತಿದ್ದದ್ದು ಜರ್ಮನಿಯಲ್ಲಿ. ಹಾಡಿದವರು ಯಾರು ಅಂತ ಅಲ್ಲಿಯವರಿಗೆ ಗೊತ್ತಾಗಬೇಕಿತ್ತು. ಇದೇ ಗೌಹರ್ ಜಾನ್ 1928ರಲ್ಲಿ ನಮ್ಮ ಅರಮನೆಯ ಆಸ್ಥಾನಕ್ಕೆ ಬಂದರು. 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಇನ್ನೊಂದು ವಿಷಯ. 1925ರ ತನಕ ರೆಕಾರ್ಡಿಂಗಿಗೆ ಮೈಕ್ ಬಳಕೆಗೆ ಬಂದಿರಲಿಲ್ಲ. ದೊಡ್ಡ ಕೊಳವೆಯ ಮುಂದೆ ನಿಂತು ಗಟ್ಟಿಯಾಗಿ ಹಾಡಬೇಕು. ಮೆಲ್ಲಗೆ ಎಳೆದ ಗಮಕ (ಸ್ವರವನ್ನು ತೂಗುವ, ಜಾರಿಸುವ ಬಗೆ), ಮಂದ್ರದ ಅಂದರೆ ತಗ್ಗಿನ ಸ್ವರ, ತಂಬೂರಿಯ ನಾದ, ಇವೆಲ್ಲ ಸರಿಯಾಗಿ ಬೀಳುತ್ತಿರಲಿಲ್ಲ. ಹಾಗಾಗಿ ಆ ಕಾಲದ ತಟ್ಟೆ ಕೇಳಿ "ಗಮಕವೇ ಇಲ್ಲ" ಅನ್ನಬೇಡಿ. (ಸಭೆಯಲ್ಲೂ ಮೈಕ್ ಇಲ್ಲದ ಕಷ್ಟ ಇದ್ದೇ ಇತ್ತು. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದ್ದು ನಾದ ಹಿಂದಿನ ಸಾಲಿಗೂ ಮುಟ್ಟಲಿ ಅಂತ.)

ಈಗ ಅಭ್ಯಾಸಕ್ಕೆ ಬರೋಣ. ಮೈಸೂರು ವಾಸುದೇವಾಚಾರ್ಯರ ಕೃತಿ 'ಬ್ರೋಚೇವಾರೆವರುರಾ' ತೆಗೆದುಕೊಳ್ಳಿ. ಖಮಾಚ್ ರಾಗ, ಆದಿತಾಳ. ಇದರ ಒಂದು ಚಿಕ್ಕ ರೆಕಾರ್ಡಿಂಗ್, ಒಂದು ಪೂರ್ತಿ ಕಚೇರಿಯ ರೆಕಾರ್ಡಿಂಗ್ ಹುಡುಕಿ. ತಾಳ ಹಾಕುತ್ತಾ ಕೇಳಿ. ಪಲ್ಲವಿಗೆ ಎಷ್ಟು ಸಂಗತಿ (ಅದೇ ಸಾಲನ್ನು ಬೆಳೆಸಿ ಹಾಡುವ ಬಗೆ) ಬಂತು? ಚಿಟ್ಟೆಸ್ವರ (ಕೃತಿಗೆ ಮೊದಲೇ ಹೊಂದಿಸಿಟ್ಟ ಸ್ವರಗಳ ಭಾಗ) ಹಾಡಿದರಾ, ಬಿಟ್ಟರಾ? ಕೃತಿಗೆ ಮುಂಚಿನ ರಾಗದ ಆಲಾಪನೆ ಒಂದೆರಡು ಎಳೆತದಲ್ಲೇ ಮುಗಿಯಿತಾ? ಖಮಾಚ್‌ನಲ್ಲಿ ಅಲ್ಲಲ್ಲಿ ಕಾಕಲಿ ನಿಷಾದ (ಎತ್ತರದ 'ನಿ' ಸ್ವರ) ಇಣುಕುತ್ತದೆ. ಚಿಕ್ಕದರಲ್ಲೂ ಅದು ಉಳಿದಿದೆಯಾ ಅಂತ ಗಮನಿಸಿ. ಎಲ್ಲ ಕತ್ತರಿಸಿದ ಮೇಲೂ ಕಲಾವಿದರು ಉಳಿಸಿಕೊಂಡದ್ದು ಯಾವುದೋ ಅದೇ ಅವರಿಗೆ ಮುಖ್ಯ ಅನ್ನಿಸಿದ್ದು. ನನಗಂತೂ ರಾಗದ ಜೀವ ಎಲ್ಲಿದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಇದರ ಜೊತೆಗೆ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರ ಉದ್ದನೆಯ ವಾದನ ಒಂದನ್ನು ಕೇಳಿ. ಅವಸರವೇ ಇಲ್ಲ. ಒಂದೊಂದು ಮೀಟೂ ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕೇಳಿಸುತ್ತದೆ.

ಪಾಶ್ಚಾತ್ಯ ಸಂಗೀತದವರು ಇದೇ ತಟ್ಟೆಯನ್ನು ಬೇರೆ ರೀತಿ ಬಳಸಿದರು. ಅದಕ್ಕೂ ಉದಾಹರಣೆ ಮೈಸೂರಿನದೇ. ರಷ್ಯದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಲಂಡನ್ನಿನಲ್ಲಿ ಕಷ್ಟದ ದಿನ ಕಳೆಯುತ್ತಿದ್ದಾಗ ಅವರ ಕೃತಿಗಳ ರೆಕಾರ್ಡಿಂಗಿಗೆ ಹಣ ಕೊಟ್ಟವರು ಜಯಚಾಮರಾಜ ಒಡೆಯರ್. ತಮ್ಮ ಮೂರು ಪಿಯಾನೊ ಕನ್ಸರ್ಟೊಗಳನ್ನೂ (ಪಿಯಾನೊ ಮತ್ತು ವಾದ್ಯವೃಂದ ಸೇರಿ ನುಡಿಸುವ ಕೃತಿಗಳು) ಮೆಟ್ನರ್ ತಾವೇ ನುಡಿಸಿದ್ದಾರೆ. ಮೂರನೆಯದನ್ನು ಒಡೆಯರಿಗೇ ಅರ್ಪಿಸಿದ್ದಾರೆ. ಅದು ಅರ್ಧ ಗಂಟೆಗೂ ಜಾಸ್ತಿ ಉದ್ದ. ಬರೆದಿಟ್ಟ ಸಂಗೀತ ಆದ್ದರಿಂದ ಮೊಟಕು ಮಾಡದೆ ಹಲವು ಬದಿಗಳಿಗೆ ಹಂಚಿದರು. ಒಂದು ಬದಿ ಮುಗಿಯಿತಾ, ತಟ್ಟೆ ತಿರುಗಿಸಿ ಹಾಕು, ಅಷ್ಟೇ. ನಮ್ಮದು ಹಿಗ್ಗುವ, ಕುಗ್ಗುವ ಸಂಗೀತ. ತಟ್ಟೆಯ ಅಳತೆಗೆ ಹಾಡನ್ನೇ ಕುಗ್ಗಿಸಿದೆವು. ಮೆಟ್ನರ್ ಕೇಳುವಾಗ ನಾಲ್ಕು ನಿಮಿಷದ ಆಸುಪಾಸಿನಲ್ಲಿ ಕಿವಿ ಕೊಡಿ. ಹಿಂದಿನ ಗರಗರ ಸದ್ದು ಕೆಲವೊಮ್ಮೆ ಥಟ್ಟನೆ ಬದಲಾಗುತ್ತದೆ. ಒಂದು ಬದಿಗೆ ಇನ್ನೊಂದನ್ನು ಜೋಡಿಸಿದ ಬೆಸುಗೆ ಅಲ್ಲೇ ಇರುತ್ತದೆ.

ಕೊನೆಯದಾಗಿ ವೇಗ. ಹಳೇ ತಟ್ಟೆಗಳೆಲ್ಲ ಕರಾರುವಾಕ್ಕಾಗಿ 78ರಲ್ಲೇ ತಿರುಗುತ್ತಿರಲಿಲ್ಲ. ಕಂಪ್ಯೂಟರಿಗೆ ಏರಿಸುವಾಗ ವೇಗ ಜಾಸ್ತಿಯಾದರೆ ಶ್ರುತಿ, ಕಾಲಪ್ರಮಾಣ (ಹಾಡಿನ ನಡೆ) ಎರಡೂ ಒಟ್ಟಿಗೆ ಏರುತ್ತವೆ. ಗಂಡು ದನಿ ತೀರಾ ಕೀಚಲಾಗಿ ಕೇಳಿಸಿದರೆ ಅನುಮಾನಪಡಿ. ಅದೇ ಕಲಾವಿದರ ಬೇರೆ ರೆಕಾರ್ಡಿಂಗಿನ ಶ್ರುತಿಯನ್ನು ತಂಬೂರಿ ಆ್ಯಪ್‌ನಲ್ಲಿ ನೋಡಿಕೊಂಡು, ಆ ಶ್ರುತಿ ಬರುವ ತನಕ ಇದರ ವೇಗ ಇಳಿಸಿ ಕೇಳಿ. 'ಬಿರುಸು' ಎಷ್ಟೋ ಸಲ ಅಲ್ಲೇ ಇಳಿದುಹೋಗುತ್ತದೆ.