ಕಡಂಬುಟ್ಟು ಯಾಕೆ ಒಡೆಯಿತು?

ಮಡಿಕೇರಿಯಲ್ಲಿ ಜುಲೈ ಮಳೆ. ಒಲೆಯ ಮೇಲೆ ನಾಟಿ ಕೋಳಿ ಸಾರು ಕುದಿಯುತ್ತಿತ್ತು. ಕಡಂಬುಟ್ಟು, ಅಂದರೆ ಆವಿಯಲ್ಲಿ ಬೇಯಿಸುವ ಕೊಡಗಿನ ಅಕ್ಕಿ ತರಿಯ ಉಂಡೆ, ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ಲೋಟ ಅಕ್ಕಿ ತರಿಗೆ ಎರಡು ಲೋಟ ನೀರು, ಉಪ್ಪು. ಕುದಿಯುವ ನೀರಿಗೆ ತರಿ ಹಾಕಿ ಕೆದಕಿದೆ, ಗಟ್ಟಿಯಾಯಿತು. ಕೈ ಸುಡುತ್ತದೆ ಅಂತ ಆರಲು ಬಿಟ್ಟು ಫೋನು ಹಿಡಿದು ಕೂತೆ. ಆಮೇಲೆ ಕಟ್ಟಿದ ಉಂಡೆಗಳಿಗೆಲ್ಲ ಮೈತುಂಬ ಬಿರುಕು. ಆವಿಯಲ್ಲಿ ಬೆಂದು ಬಂದಾಗ ಅರ್ಧದಷ್ಟು ಹೋಳಾಗಿದ್ದವು.

ಚಿಕ್ಕಮ್ಮ ಇಣುಕಿ ನೋಡಿದರು. "ಆರಿದ ಮೇಲೆ ಕಟ್ಟಿದ್ಯಾ? ಬಿಸಿ ಇರುವಾಗಲೇ ಕಟ್ಟಬೇಕು, ಕೈ ಒದ್ದೆ ಮಾಡಿಕೊಂಡು."

ಅವರ ಮಾತಿನ ಹಿಂದೆ ಇರುವುದು ಪಿಷ್ಟದ ಸ್ವಭಾವ. ಗೋಧಿ ಹಿಟ್ಟು ಕಲಸಿದರೆ ಗ್ಲುಟೆನ್ ಎಂಬ ಅಂಟು ಪ್ರೋಟೀನು ಎಳೆಎಳೆಯಾಗಿ ಹಿಡಿದುಕೊಳ್ಳುತ್ತದೆ. ಅಮೆರಿಕದ ದಕ್ಷಿಣದ ಕಡೆ ಗೋಧಿ ಹಿಟ್ಟಿನ ಮುದ್ದೆಯನ್ನು ಕುದಿಯುವ ಕೋಳಿ ಸಾರಿಗೇ ಬಿಟ್ಟು ಬೇಯಿಸುತ್ತಾರಲ್ಲ, ಅದು ಪುಡಿಯಾಗದೆ ನಿಲ್ಲುವುದರಲ್ಲಿ ಗ್ಲುಟೆನ್ ಪಾಲೂ ಇದೆ. ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ಇರುವ ಅಂಟೆಲ್ಲ ಪಿಷ್ಟದ್ದೇ.

ತರಿಯೊಳಗೆ ಪಿಷ್ಟ ಸಣ್ಣ ಸಣ್ಣ ಕಣಗಳಾಗಿ ಕೂತಿರುತ್ತದೆ. ಒಂದೊಂದು ಕಣ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಚಿಕ್ಕದು. ನೀರಿನ ಜೊತೆ ಸುಮಾರು 70 ಡಿಗ್ರಿ ಬಿಸಿಯಾದರೆ ಈ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಳಗಿನ ಅಮೈಲೋಸ್ ಎಂಬ ಉದ್ದನೆಯ ಅಣು ಹೊರಗೆ ಸೋರುತ್ತದೆ. ಅದೇ ಅಂಟು. ಬಿಸಿ ಇರುವಷ್ಟು ಹೊತ್ತು ಅದು ಮೆತ್ತಗೆ, ಒತ್ತಿದ ಕಡೆ ಕೂಡಿಕೊಳ್ಳುತ್ತದೆ. ಆರುತ್ತಾ ಹೋದಂತೆ ಅಮೈಲೋಸ್ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಗಟ್ಟಿಯಾದದ್ದನ್ನು ಮುರಿದು ಉಂಡೆ ಕಟ್ಟಿದರೆ ಮತ್ತೆ ಅಂಟುವುದಿಲ್ಲ. ನಾನು ಮಾಡಿದ್ದು ಅದನ್ನೇ. ಎರಡನೇ ಸಲ ಸುಡುಸುಡು ಇರುವಾಗಲೇ ಅಂಗೈ ಒದ್ದೆ ಮಾಡಿಕೊಂಡು ನಿಂಬೆ ಗಾತ್ರಕ್ಕೆ ಉರುಟಿದೆ. ಒಂದೂ ಒಡೆಯಲಿಲ್ಲ. ಕೈ ಮಾತ್ರ ಕೆಂಪಾಯಿತು.

ಕೋಳಿಯ ಲೆಕ್ಕ ಬೇರೆ. ಉಂಡೆಗೆ ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ, ನಾಟಿ ಕೋಳಿಗೆ ಹಾಗಲ್ಲ. ಅಂಗಳವೆಲ್ಲ ಕೆದಕಿ ಬೆಳೆದ, ವಯಸ್ಸಾದ ಕೋಳಿ ಅದು. ಮಾಂಸವನ್ನು ಹಿಡಿದಿಡುವ ಕೊಲಾಜೆನ್ ಎಂಬ ಪ್ರೋಟೀನು ವಯಸ್ಸಾದಂತೆ ಒಳಗೊಳಗೇ ಬೆಸೆದುಕೊಂಡು ಬಿಗಿಯಾಗುತ್ತದೆ. ಅದು ಕರಗಿ ಜೆಲಾಟಿನ್ ಆದರೆ ಮಾಂಸ ಮೆತ್ತಗಾಗುತ್ತದೆ, ಸಾರಿಗೂ ಮೈ ಬರುತ್ತದೆ. ಅದಕ್ಕೆ ಬಿಸಿಯ ಜೊತೆ ಸಮಯವೂ ಬೇಕು. ಬೇಗ ಬೆಳೆಸಿದ ಫಾರಂ ಕೋಳಿಯಲ್ಲಿ ಈ ಬಿಗಿ ಕಡಿಮೆ, ಅದಕ್ಕೇ ಬೇಗ ಬೇಯುತ್ತದೆ. ಸಾರು ಮಾತ್ರ ಸಪ್ಪೆ ಅಂತ ನಮ್ಮ ಮನೆಯ ದೂರು.

ಅದರ ಮೇಲೆ ಮಡಿಕೇರಿಯ ಎತ್ತರ ಬೇರೆ. ಊರು ಇರುವುದು ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಯುವ ಬಿಂದು ಇಳಿಯುತ್ತದೆ. ಅಂದರೆ ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಇಲ್ಲಿ 96ಕ್ಕೇ ಕುದಿಯುತ್ತದೆ. ಉರಿ ಎಷ್ಟು ಜೋರು ಮಾಡಿದರೂ ತೆರೆದ ಪಾತ್ರೆಯಲ್ಲಿ ಅದಕ್ಕಿಂತ ಮೇಲೆ ಹೋಗುವುದಿಲ್ಲ, ಸುಮ್ನೆ ನೀರು ಆವಿಯಾಗುತ್ತದೆ ಅಷ್ಟೆ. ಅಕ್ಕಿ ಪಿಷ್ಟಕ್ಕೆ 96 ಧಾರಾಳ. ಕೊಲಾಜೆನ್ನಿಗೆ ಆ ನಾಲ್ಕು ಡಿಗ್ರಿ ಲೆಕ್ಕಕ್ಕೆ ಬರುತ್ತದೆ. ಕುಕ್ಕರ್ ಇಟ್ಟರೆ ಒತ್ತಡ ಏರಿ ಒಳಗೆ 120ರ ಹತ್ತಿರ ಹೋಗುತ್ತದೆ. ಅಜ್ಜಿಯ ಕಾಲದಲ್ಲಿ ಕುಕ್ಕರ್ ಇರಲಿಲ್ಲ, ಕೋಳಿಯನ್ನು ಬೆಳಿಗ್ಗೆಯೇ ಒಲೆಗೇರಿಸುತ್ತಿದ್ದರು.

ರಾತ್ರಿ ಮಿಕ್ಕಿದ್ದನ್ನು ಮುಚ್ಚಿಟ್ಟೆವು. ಬೆಳಿಗ್ಗೆ ಮುಚ್ಚಳ ತೆಗೆದರೆ ಆ ಚಳಿಗೆ ಸಾರು ಹಲ್ವದ ಹಾಗೆ ಅಲುಗಾಡುತ್ತಿತ್ತು. ಅದು ನಿನ್ನೆಯ ಜೆಲಾಟಿನ್. ಕಡಂಬುಟ್ಟು ಕಲ್ಲಾಗಿತ್ತು. ಒಲೆಗಿಟ್ಟ ತಕ್ಷಣ ಸಾರು ನೀರಾಯಿತು, ಜೆಲಾಟಿನ್ ಕರಗಲು ನಮ್ಮ ಮೈಬಿಸಿಯಷ್ಟೇ ಸಾಕು. ಉಂಡೆಗೆ ಮತ್ತೆ ಹತ್ತು ನಿಮಿಷ ಆವಿ ಬೇಕಾಯಿತು. ಆದರೂ ಮೊದಲಿನಷ್ಟು ಮೆತ್ತಗಾಗಲಿಲ್ಲ. ಒಮ್ಮೆ ಹೆಣೆದುಕೊಂಡ ಅಮೈಲೋಸ್ ಬಿಡಿಸಲು 100 ಡಿಗ್ರಿಯೂ ಸಾಲದು, ಇನ್ನು ನಮ್ಮ 96 ಎಲ್ಲಿ ಸಾಕು, ಅಲ್ವಾ? ಚಿಕ್ಕಮ್ಮ ಉಳಿದವನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ತುಪ್ಪದಲ್ಲಿ ಹುರಿದು ಕೊಟ್ಟರು.